ನಲವತ್ತೇಳು ಹಸಿರು ಚುಕ್ಕೆ

ವಿದ್ಯಾರಣ್ಯಪುರ, ಬೆಂಗಳೂರು
ಭಾನುವಾರ, ೧೬ ನವೆಂಬರ್ ೨೦೨೫
(ಅಪ್ಪ ಮಾಡಿದ ಹುಳಿ ಉಂಡೂ ಬದುಕಿ ಉಳಿದ ಮಧ್ಯಾಹ್ನ)

ಸ್ವಸ್ತಿಶ್ರೀ ಸಮಸ್ತ ಅಡುಗೆಮನೆ ಸಾಮ್ರಾಜ್ಯದ ಒಡತಿ, ಮೈಸೂರು ಪ್ರಾಂತ್ಯದಲ್ಲಿ ತಾತ್ಕಾಲಿಕವಾಗಿ ಬೀಡುಬಿಟ್ಟಿರುವ, ಶತ್ರುಗಳ (ಅಂದರೆ ನನ್ನ ಮತ್ತು ಅಪ್ಪನ) ಎದೆ ನಡುಗಿಸುವ ರಾಜಮಾತೆ ಶ್ರೀಮತಿ ಕೃಷ್ಣವೇಣಿ ಶ್ರೀಕಾಂತ್ ಅವರ ದಿವ್ಯ ಸನ್ನಿಧಾನಕ್ಕೆ, ಅವರ ಏಕೈಕ ಪುತ್ರಿಯೂ, ದ್ವಿತೀಯ ಪಿಯುಸಿಯ ಕಡೇ ಬೆಂಚಿನ ಖಾಯಂ ಸದಸ್ಯೆಯೂ, ಸದ್ಯ ಕೋಪದಿಂದ ಕುದಿಯುತ್ತಿರುವವಳೂ ಆದ ಸಂಹಿತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅಮ್ಮಾ, ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ಆ ಮೂರನೇ ಮಹಡಿಯ ರೂಮು ಬಿಟ್ಟು ಕೆಳಗಿನದು ಕೇಳು ಅಂತ ಅಪ್ಪ ಹತ್ತು ಸಲ ಹೇಳಿದ್ದಾರೆ, ನೀನು ಕೇಳುವುದಿಲ್ಲ. ನನ್ನ ತಮ್ಮ, ಯುವರಾಜ ಸಮರ್ಥನ ಕಿವಿ ಮೆಷಿನ್ನಿಗೆ ಹೊಸ ದಾರ ಕಟ್ಟಿದೆಯಾ, ಇಲ್ಲಾ ಇನ್ನೂ ಅದನ್ನು ಕಿತ್ತು ಸಾರಿನ ಪಾತ್ರೆಗೆ ಹಾಕುತ್ತಿದ್ದಾನಾ? ಮೊನ್ನೆ ವಿಡಿಯೊ ಕಾಲಿನಲ್ಲಿ ನನ್ನ ಮುಖ ನೋಡಿ ‘ಬಾ’ ಅಂದನಲ್ಲ, ನಾಲ್ಕೂವರೆ ವರ್ಷಕ್ಕೆ ಅವನು ನನಗೆ ಆಡಿದ ಮೊದಲ ಮಾತು ಅದು. ನಾನು ನೆಟ್‌ವರ್ಕ್ ಇಲ್ಲ ಅಂತ ಫೋನ್ ಇಟ್ಟೆ. ನೆಟ್‌ವರ್ಕ್ ಇತ್ತು.

ಇದನ್ನು ಫೋನಿನಲ್ಲಿ ಹೇಳದೆ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನ್ ಮಾಡಿದರೆ ಎರಡನೇ ಮಾತಿಗೆ ಸಮರ್ಥ ಕಿತ್ತುಕೊಳ್ಳುತ್ತಾನೆ, ಮೂರನೇ ಮಾತಿಗೆ ನೀನು ‘ಕಿರುಚಬೇಡ ಕಣೇ’ ಅನ್ನುತ್ತೀಯ. ಕಾಗದದ ಮೇಲೆ ಎಷ್ಟು ಬೇಕಾದರೂ ಕಿರುಚಬಹುದು. ಈಗ ಕಿರುಚುತ್ತೇನೆ, ಕನ್ನಡಕ ಹಾಕಿಕೋ.

ನಮ್ಮ ಪಕ್ಕದ ಸಿಂಗಾಪುರ ಹಳ್ಳಿಯ ಹಳೇ ಶಾಲೆ ಕಟ್ಟಡವನ್ನು ಮಕ್ಕಳ ಕೇಂದ್ರ ಮಾಡುತ್ತಾರೆ, ಅದರಲ್ಲಿ ಏನೇನಿರಬೇಕು ಅಂತ ಸುತ್ತಲಿನ ಮನೆಯವರನ್ನೂ ನಮ್ಮಂಥ ಹುಡುಗ ಹುಡುಗಿಯರನ್ನೂ ಕೇಳಿಯೇ ನಕ್ಷೆ ಬರೆಯುತ್ತಾರೆ ಅಂತ ನಾನು ಹೇಳಿದ ದಿನ ನಿನಗೆ ನೆನಪಿದೆಯಲ್ಲ? ನೀನು ತಕ್ಷಣ, ‘ಅಲ್ಲೊಂದು ಸದ್ದಿಲ್ಲದ ಕೋಣೆ, ಒಬ್ರು ಮಾತು ಕಲಿಸೋ ಟೀಚರ್ ಇದ್ಬಿಟ್ರೆ ಸಾಕು, ನಾವು ಮಾರನೇ ದಿನವೇ ಬಸ್ ಹತ್ತಿದ್ವಿ’ ಅಂದೆ. ನಾನು ಫೋನಿನ ಸ್ಪೀಕರ್ ಹಾಕಿದ್ದೆ, ಅಪ್ಪ ಕೇಳಿಸಿಕೊಂಡರು. ಮಾರನೇ ದಿನ ಬೆಳಿಗ್ಗೆ ಟಕಟಕ ಸದ್ದು. ನೋಡಿದರೆ ಬಾಗಿಲ ಪಕ್ಕ, ನನ್ನ ಸೊಂಟದಷ್ಟು ಎತ್ತರದಲ್ಲಿ, ಒಂದು ಕೊಕ್ಕೆ ಹೊಡೆಯುತ್ತಿದ್ದಾರೆ. ಸಮರ್ಥನ ಸ್ಕೂಲ್ ಬ್ಯಾಗಿಗಂತೆ. ಅವನ ಕೈಗೇ ಸಿಗಬೇಕಂತೆ. ನಿನಗೆ ಹೇಳಬಾರದು ಅಂದಿದ್ದಾರೆ. ಹೇಳಿಬಿಟ್ಟೆ. ಹದಿನೈದು ತಿಂಗಳಿಂದ ನೀನು ಅಲ್ಲಿ ಅವನ ಪಕ್ಕ ಪುಟ್ಟ ಕುರ್ಚಿಯಲ್ಲಿ ಕೂತು ಅ ಆ ಕಲಿಯುತ್ತಿದ್ದೀಯ. ತಾಯಿಯೂ ಜೊತೆಗೆ ಕಲಿಯಲೇಬೇಕು ಅನ್ನುವ ಸ್ಕೂಲು ನಮ್ಮ ಹತ್ತಿರ ಇಲ್ಲವಲ್ಲ. ಇಲ್ಲಿ ಇರುವುದು ಎರಡು ಬಸ್ ಬದಲಿಸಿ ಹೋದರೆ ವಾರಕ್ಕೊಮ್ಮೆ ಅರ್ಧ ಗಂಟೆಯ ಪಾಠ.

ಅದಕ್ಕೇ ನೀನು ನಾಲ್ಕು ಪುಟ ಬರೆದು ಕಳಿಸಿದೆ. ನೆಲಕ್ಕೆ ದಪ್ಪ ಜಮಖಾನ ಇರಬೇಕು, ಇಲ್ಲದಿದ್ದರೆ ಕುರ್ಚಿ ಎಳೆದ ಸದ್ದೆಲ್ಲ ಮೆಷಿನ್ನಿನೊಳಗೆ ಗುಡುಗಿದ ಹಾಗೆ ಕೇಳುತ್ತದೆ. ಕಿಟಕಿ ರಸ್ತೆ ಕಡೆಗೆ ಬೇಡ. ತಾಯಂದಿರನ್ನು ಹೊರಗೆ ಕೂರಿಸಬೇಡಿ, ಒಳಗೇ ಒಂದು ಬೆಂಚು ಹಾಕಿ. ಫ್ಯಾನು ಕಿರುಗುಟ್ಟಬಾರದು. ನಿನ್ನ ಪರೀಕ್ಷೆಗೂ ನೀನು ಅಷ್ಟು ಚೆನ್ನಾಗಿ ಬರೆದಿರಲಿಕ್ಕಿಲ್ಲ. ಮೊದಲ ಸಭೆಯಲ್ಲಿ ನಾನು ಅದನ್ನು ಪೂರ್ತಿ ಓದಿದೆ. ಸಭೆ ನಡೆಸಿದ ಸಂಸ್ಥೆಯ ಮುಖ್ಯಸ್ಥರು ರಘುನಾಥ್ ಅಂತ, ಕುರ್ತಾದ ಮೇಲೆ ಕೋಟು ಹಾಕುವವರು. ‘ಬ್ಯೂಟಿಫುಲ್, ಹೃದಯದಿಂದ ಬಂದಿದೆ’ ಅಂದು ಕಣ್ಣು ಮುಚ್ಚಿಕೊಂಡರು. ಅವರ ಜೊತೆಗಿದ್ದ ಪ್ರತಿಭಾ ಅನ್ನುವ ಮೇಡಂ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಎಷ್ಟು ಹೆಮ್ಮೆ ಗೊತ್ತಾ.

ಮುಂದಿನ ವಾರ ಹೋದರೆ ಸಭೆಯ ಹಾಲ್‌ನಲ್ಲಿ ಥರ್ಮಾಕೋಲಿನ ಒಂದು ಮರ ನಿಂತಿದೆ. ಹೆಸರು ‘ಕನಸಿನ ಮರ’. ಅದರ ತುಂಬ ಕಾಗದದ ಎಲೆಗಳು. ಒಂದು ಎಲೆಯ ಮೇಲೆ ನಿನ್ನ ಅಕ್ಷರ! ನಿನ್ನ ನಾಲ್ಕು ಪುಟಗಳನ್ನು ಎಲೆಯ ಆಕಾರಕ್ಕೆ ಕತ್ತರಿಸಿ ತೂಗುಹಾಕಿದ್ದಾರೆ ಅಮ್ಮಾ. ಸಾಲುಗಳ ಎರಡೂ ತುದಿ ಹೋಗಿದೆ. ‘ಕಿಟಕಿ ರಸ್ತೆ ಕಡೆ’ ಅಂತ ಇದೆ, ‘ಬೇಡ’ ಇಲ್ಲ. ಅದನ್ನು ನೋಡಿ ನಕ್ಷೆ ಬರೆಯುವವನು ಕಿಟಕಿಯನ್ನು ಸೀದಾ ಬಸ್‌ಸ್ಟಾಪಿಗೇ ಇಡುತ್ತಾನೆ. ನಾನು ಕೇಳಿದ್ದಕ್ಕೆ ಪ್ರತಿಭಾ ಮೇಡಂ, ‘ಅಯ್ಯೋ, ವಾಲಂಟಿಯರ್ಸ್ ಕಟ್ ಮಾಡ್ಬಿಟ್ಟಿದ್ದಾರೆ ಪುಟ್ಟಾ, ಸಾರಿ’ ಅಂದರು. ಅವರ ಮುಖ ನಿಜವಾಗಿಯೂ ಸಣ್ಣಗಾಯಿತು. ನನಗೆ ಕರುಣೆ ಬರಲಿಲ್ಲ.

ಅದೇ ದಿನ ಬಾಗಿಲ ಬಳಿ ಒಂದು ದೊಡ್ಡ ಬೋರ್ಡ್ ಇಟ್ಟರು. ಐದು ಚಿತ್ರ: ಆಟದ ಕೋಣೆ, ಓದುವ ಕೋಣೆ, ಸದ್ದಿಲ್ಲದ ಕೋಣೆ, ತಾಯಂದಿರ ಬೆಂಚು, ಸೆಲ್ಫಿ ಕೋಣೆ. ಕಟ್ಟಡದಲ್ಲಿ ಇರುವುದು ಮೂರೇ ಕೋಣೆ. ಒಬ್ಬೊಬ್ಬರಿಗೂ ಮೂರು ಹಸಿರು ಚುಕ್ಕೆ, ಬೇಕಾದ ಚಿತ್ರದ ಕೆಳಗೆ ಅಂಟಿಸಬೇಕು. ಚುಕ್ಕೆಯ ಹಾಳೆಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ‘ಕಾವಲು ಯಾರೂ ಇರಲ್ಲ, ನಿಮ್ಮ ಮೇಲೆ ನಂಬಿಕೆ ಇದೆ’ ಅಂತ ಮೇಡಂ ಹೇಳಿ ಊಟಕ್ಕೆ ಹೋದರು. ಸೆಲ್ಫಿ ಕೋಣೆ ಅಂದರೆ ಗೋಡೆಗೆ ಎರಡು ರೆಕ್ಕೆ ಬಿಡಿಸಿ, ಪಕ್ಕದಲ್ಲಿ ‘ಐ ಲವ್ ಸಿಂಗಾಪುರ’ ಅಂತ ದೀಪದ ಅಕ್ಷರ. ಅಲ್ಲಿ ಫೋಟೊ ತೆಗೆಸಿಕೊಂಡವರು ಆಮೇಲೆ ನೆಂಟರಿಗೆಲ್ಲ ವಿಮಾನದ ಟಿಕೆಟ್ ತೋರಿಸಬೇಕಾಗುತ್ತದೆ.

ಇವತ್ತು ಫಲಿತಾಂಶ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ರಘುನಾಥ್ ಅವರು ಪರದೆಯ ಮೇಲೆ ತೋರಿಸಿದರು: ಸೆಲ್ಫಿ ಕೋಣೆ ನಲವತ್ತೇಳು ಚುಕ್ಕೆ, ಆಟ ನಲವತ್ನಾಲ್ಕು, ಓದು ಮೂವತ್ತೆಂಟು. ನಮ್ಮ ಸದ್ದಿಲ್ಲದ ಕೋಣೆಗೆ ಮೂವತ್ತೊಂದು. ಹೋಯಿತು. ತಾಯಂದಿರ ಬೆಂಚಿಗೆ ಹತ್ತೊಂಬತ್ತು, ಅದೂ ಹೋಯಿತು. ರಸ್ತೆಯ ಸದ್ದು ಬರದ ಹಿಂಬದಿಯ ಕೋಣೆಗೆ, ನೀನು ನಿನ್ನ ನಾಲ್ಕು ಪುಟದಲ್ಲಿ ಗುರುತು ಹಾಕಿಕೊಟ್ಟಿದ್ದ ಅದೇ ಕೋಣೆಗೆ, ರೆಕ್ಕೆ ಬಿಡಿಸುತ್ತಾರೆ. ಬುಧವಾರ ನಕ್ಷೆಗೆ ಸಹಿ.

ನಾನು ಎದ್ದು ನಿಂತು ಕಿರುಚಿದೆ ಅಮ್ಮಾ. ‘ಯಾರ್ರೀ ಆ ನಲವತ್ತೇಳು ಜನ? ಕಿವಿ ಕೇಳದ ಮಕ್ಕಳು ರೆಕ್ಕೆ ಹಚ್ಕೊಂಡು ಎಲ್ಲಿಗೆ ಹಾರ್ಬೇಕು?’ ಪಕ್ಕದಲ್ಲಿ ಕೂತಿದ್ದ ನನ್ನ ಗೆಳತಿ ಮೋನಿಕಾ ನನ್ನ ದುಪಟ್ಟಾ ಹಿಡಿದು ಎಳೆದಳು. ‘ಕೂತ್ಕೊಳೇ, ಕೂತ್ಕೊಳೇ ಸಾಕು’ ಅಂತ ಹಲ್ಲು ಕಚ್ಚಿಕೊಂಡೇ ಹೇಳಿದಳು. ರಘುನಾಥ್ ನಕ್ಕು, ‘ಯುವಜನರ ಆಯ್ಕೆ ಕಣಮ್ಮಾ. ನಿಮ್ಮನ್ನ ಕೇಳದೆ ಮಾಡಿದ್ರೂ ಬೈತೀರಿ, ಕೇಳಿ ಮಾಡಿದ್ರೂ ಬೈತೀರಿ’ ಅಂದರು. ಆಗ ಎದ್ದಿದ್ದು ಮೋನಿಕಾಳ ಅಜ್ಜಿ ಸುಬ್ಬಮ್ಮ. ‘ಏನಪ್ಪಾ ಕೋಟಿನ ಸ್ವಾಮಿ, ಈ ಜಾಗ ನಮ್ಮಾವ ಮಕ್ಕಳ ಇಸ್ಕೂಲಿಗೆ ಅಂತ ಬಿಟ್ಟಿದ್ದು. ಪೋಟೋ ಇಡ್ಕಳಕ್ಕಲ್ಲ. ಇಂಗೆ ಬಿಂದಿ ಅಂಟಿಸಿ ಎಣಿಸಿದ್ರೆ ಮಾತು ಬರ್ದಿರೋ ಮಗ ಎಷ್ಟು ಬಿಂದಿ ಅಂಟಿಸ್ತದೆ? ಅದು ಮೈಸೂರಲ್ಲೈತೆ!’ ಆದರೂ ಕಾಫಿ ಬಂತು, ಎಲ್ಲರೂ ಕಾಫಿ ಕುಡಿದರು. ಗ್ರೂಪ್ ಫೋಟೊಗೆ ‘ಯುವ ಪ್ರತಿನಿಧಿ’ ಅಂತ ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಹಾಕಿ ನಿಂತೆ. ಮೂರು ಸಲ ತೆಗೆದರು, ಮೂರು ಸಲವೂ ಹಾಗೇ.

ಮನೆಯೊಳಗೆ ಬಂದವರೇ ಅಪ್ಪ ಕೈಚೀಲವನ್ನು ಆ ಕೊಕ್ಕೆಗೆ ನೇತುಹಾಕಿದರು. ಅಷ್ಟು ಕೆಳಗಿರುವ ಕೊಕ್ಕೆಗೆ ಬಗ್ಗಿ. ಆಮೇಲೆ ಹುಳಿ ಮಾಡಲು ಹೋದರು. ಉಪ್ಪು ಎರಡು ಸಲ ಬಿದ್ದಿದೆ. ನಾನು ಏನೂ ಅನ್ನದೆ ಎರಡನೇ ಸಲವೂ ಬಡಿಸಿಕೊಂಡೆ. ಇದಕ್ಕಿಂತ ದೊಡ್ಡ ತ್ಯಾಗ ನಮ್ಮ ವಂಶದಲ್ಲಿ ನಡೆದಿಲ್ಲ.

ಕೇಳುವುದಾದರೆ ನೆಟ್ಟಗೆ ಕೇಳಬೇಕು. ಕೇಳಿದ್ದನ್ನು ಎಲೆ ಮಾಡಿ ನೇತುಹಾಕಬಾರದು. ನಲವತ್ತೇಳು ಚುಕ್ಕೆಯ ಹಿಂದೆ ಯಾರಿದ್ದಾರೆ, ಯಾಕೆ ಅಂಟಿಸಿದರು ಅಂತ ಒಬ್ಬರಾದರೂ ವಿಚಾರಿಸಬೇಕಿತ್ತು, ಅಲ್ಲವಾ? ನನಗೆ ಅವರ ಮೇಲೆ ಬಂದಿರುವ ಸಿಟ್ಟು ಈ ಕಾಗದದಲ್ಲಿ ಹಿಡಿಯುವುದಿಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ. ಮಾತ್ರೆ ತಗೋ. ಸಮರ್ಥನಿಗೆ ಎರಡೂ ಕೆನ್ನೆಗೆ ನನ್ನ ಪರವಾಗಿ ಮುತ್ತು, ಕಚ್ಚುವಷ್ಟು. ನಿನ್ನ ರೂಮಿನ ಪಕ್ಕದ ಅಮ್ಮಂದಿರಿಗೆಲ್ಲ ನಮಸ್ಕಾರ ಹೇಳು.

ಇತಿ ರಾಜಮಾತೆಯ ಪಾದಧೂಳಿ,
ಸಂಹಿತಾ

ತಾ.ಕ.: ಕವರಿಗೆ ಹಾಕಿ ಅಂಟಿಸಿಬಿಟ್ಟಿದ್ದೆ, ಮತ್ತೆ ಕಿತ್ತು ಬರೆಯುತ್ತಿದ್ದೇನೆ. ಆ ನಲವತ್ತೇಳರಲ್ಲಿ ನಲವತ್ತು ನಾನೇ ಅಮ್ಮಾ. ನಿನ್ನ ಎಲೆ ನೋಡಿದ ದಿನ, ಇವರು ಏನನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವವರಲ್ಲ, ಬರೀ ನಾಟಕ ಅನ್ನಿಸಿತು. ನಾಟಕವೇ ಆದರೆ ಪೂರ್ತಿ ಆಗಲಿ ಅಂತ ಡಬ್ಬಿಯಿಂದ ಎರಡು ಹಾಳೆ ಎತ್ತಿ, ಎಲ್ಲಕ್ಕಿಂತ ಪೆದ್ದು ಚಿತ್ರ ಯಾವುದು ಅಂತ ನೋಡಿ, ಎಲ್ಲ ಅಲ್ಲೇ ಅಂಟಿಸಿದೆ. ಮೋನಿಕಾ ಬಾಗಿಲು ಕಾದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸದ್ದಿಲ್ಲದ ಕೋಣೆಗೆ ನಾನು ಒಂದು ಚುಕ್ಕೆಯನ್ನೂ ಅಂಟಿಸಲಿಲ್ಲ. ಅವರು ಒಂದೊಂದಾಗಿ ಎಣಿಸುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಇವತ್ತು ಕಿರುಚದೇ ಇದ್ದಿದ್ದರೆ ಅಳು ಬರುತ್ತಿತ್ತು, ಅದಕ್ಕೇ ಕಿರುಚಿದೆ. ನಾಳೆ ಕಾಲೇಜಿಗೆ ಮುಂಚೆ ಪ್ರತಿಭಾ ಮೇಡಂ ಹತ್ರ ಹೋಗಿ ಹೇಳುತ್ತೇನೆ, ಮೋನಿಕಾ ಹೆಸರು ಹೇಳುವುದಿಲ್ಲ. ಅಪ್ಪನಿಗೆ ನೀನೇ ಹೇಳು, ನನಗಾಗುವುದಿಲ್ಲ. ಸಮರ್ಥನಿಗೆ ಈ ಪುಟ ತೋರಿಸಬೇಡ. ಅವನಿಗಿನ್ನೂ ಓದಲು ಬರುವುದಿಲ್ಲ ಅಂತ ಗೊತ್ತು. ಆದರೂ ತೋರಿಸಬೇಡ.