ಸೊಂಟದ ಸೂಜಿಗೂ ಸೀಲು

ಸೋನೋಗ್ರಫಿ ಯಂತ್ರಗಳ ತಪಾಸಣಾ ಅಧಿಕಾರಿಗಳೇ, ಮಾನ್ಯರೇ,

ಕಳೆದ ತಿಂಗಳು ಡೊಂಬಿವಲಿಯ ಒಂದು ಸಣ್ಣ ಆಸ್ಪತ್ರೆಯ ಯಂತ್ರಕ್ಕೆ ತಾವು ಸೀಲು ಹಾಕಿದಿರಿ. ಕಾರಣ, ರಿಜಿಸ್ಟರಿನಲ್ಲಿ ಒಬ್ಬ ರೋಗಿಯ ಹೆಸರಿನ ಮುಂದೆ ‘ಗರ್ಭಕ್ಕೆ ಎಷ್ಟು ವಾರ’ ಎಂಬ ಕಾಲಂ ಖಾಲಿಯಿತ್ತು. ಆ ರೋಗಿ ನಾನೇ. ಅರವತ್ತೊಂದು ವರ್ಷದ, ಮೀಸೆ ಇರುವ ಗಂಡಸು. ನನ್ನ ಹೊಟ್ಟೆ ನೋಡಿ ತಮಗೆ ಸಂಶಯ ಬಂದಿದ್ದರೆ ತಪ್ಪಿಲ್ಲ. ಅದು ನಮ್ಮದೇ ಹೋಟೆಲಿನ ಗೋಳಿಬಜೆಯ ಫಲ, ಒಂಬತ್ತು ತಿಂಗಳದ್ದಲ್ಲ, ಮೂವತ್ತು ವರ್ಷದ್ದು.

ಅಷ್ಟು ವರ್ಷ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದವನಿಗೆ ಈಗ ನಿಂತರೆ ತೊಂದರೆಯಿಲ್ಲ, ಕೂತರೆ ಜೀವ ಹೋಗುತ್ತದೆ. ಸೊಂಟದ ಹಿಂದೆ, ಆಳದಲ್ಲಿ, ಒಂದು ಸಣ್ಣ ಸ್ನಾಯು ಬಿಗಿದುಕೊಂಡು ಕಾಲಿನ ನರವನ್ನು ಒತ್ತುತ್ತಿದೆಯಂತೆ. ಅದರೊಳಗೇ ಸೂಜಿ ಇಳಿಸಿ ಔಷಧ ಬಿಡಬೇಕು. ಬೇರೊಂದು ಕಡೆ ಎರಡು ಸಲ ಅಂದಾಜಿನಲ್ಲಿ ಚುಚ್ಚಿಸಿಕೊಂಡೆ. ಕಣ್ಣು ಮುಚ್ಚಿಕೊಂಡು ವಡೆಗೆ ತೂತು ಮಾಡಿದ ಹಾಗೆ! ಏನೂ ಗುಣ ಕಾಣಲಿಲ್ಲ.

ಈ ಆಸ್ಪತ್ರೆಯ ಡಾಕ್ಟರ್ ಮುಕ್ತಾ ನಮ್ಮ ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಇಲ್ಲೇ. ಅವಳೂ ಮೊದಲು ಕೈಯಂದಾಜಿನಲ್ಲೇ ಸೂಜಿ ಇಳಿಸಿದಳು. ಔಷಧ ಬಿಡುವ ಮುನ್ನ ಯಂತ್ರ ಹಚ್ಚಿ ಪರದೆ ನೋಡಿದವಳೇ ನಕ್ಕುಬಿಟ್ಟಳು.

“ಮಾಮಾ, ನಿಮ್ಮ ಸೂಜಿ ಠಾಕುರ್ಲಿ ಸ್ಟೇಶನ್‌ನಲ್ಲೇ ಇಳಿದುಬಿಟ್ಟಿದೆ. ಹೋಗಬೇಕಾದ ಕಲ್ಯಾಣ್ ಇನ್ನೂ ಒಂದು ಸ್ಟೇಶನ್ ಮುಂದೆ!”

“ಹಾಗಾದ್ರೆ ಮೊದಲಿನ ಎರಡು?”

“ಅವು ಯಾವ ಸ್ಟೇಶನ್‌ನಲ್ಲಿ ಇಳಿದವೋ, ದೇವರಿಗೇ ಗೊತ್ತು.”

ಪರದೆ ನೋಡುತ್ತಲೇ ಸೂಜಿಯನ್ನು ಬೆರಳಗಲ ಮುಂದೆ ದಾಟಿಸಿ ಔಷಧ ಬಿಟ್ಟಳು. ಅಂದು ನಾನು ಕೂತು ಊಟ ಮಾಡಿದೆ ಮಾರಾಯ್ರೆ, ನಾಲ್ಕು ತಿಂಗಳ ಮೇಲೆ! ಈಗ ನೋವು ಮರಳಿದೆ, ಇನ್ನೊಂದು ಸೂಜಿ ಬೇಕು. ಯಂತ್ರ ಮಾತ್ರ ತಮ್ಮ ಅರಗಿನೊಳಗೆ.

ತಮ್ಮ ಕಚೇರಿಗೂ ಬಂದೆ. ಗುಮಾಸ್ತರು ಹೇಳಿದರು, “ಅಂಕಲ್, ಕಾಲಂ ಖಾಲಿ ನಹೀ ಚಲೇಗಾ.”

“ಅರೆ ಭಾಯ್, ಮೈ ಆದ್ಮೀ ಹೂಂ!”

“ವೋ ತೋ ಮೇರೇಕೋ ದಿಖ್ತಾ ಹೈ. ಫಾರ್ಮ್ ಕೋ ಕೈಸೆ ದಿಖೇಗಾ?”

ನಾನು ಗಂಡಸೆಂಬುದು ಅವರ ಕಣ್ಣಿಗೆ ಕಾಣುತ್ತದಂತೆ, ಫಾರ್ಮಿಗೆ ಕಾಣುವುದಿಲ್ಲವಂತೆ! ಖಾಲಿ ಬಿಡುವ ಬದಲು ಸೊನ್ನೆ ಬರೆದರಾದೀತೇ ಎಂದು ಕೇಳಿದೆ. ಸೊನ್ನೆ ವಾರವೆಂದರೆ ಗರ್ಭ ಈಗಷ್ಟೇ ನಿಂತದ್ದು ಎಂದಾಗುತ್ತದಂತೆ! ಇದಕ್ಕೆ ನಾನು ಎಲ್ಲಿಗೆ ಹೋಗಿ ಹಣೆ ಚಚ್ಚಿಕೊಳ್ಳಲಿ?

ಕಾನೂನನ್ನು ನಾನು ಬಯ್ಯುವುದಿಲ್ಲ. ಹೊಟ್ಟೆಯಲ್ಲಿರುವ ಹೆಣ್ಣುಮಗುವನ್ನು ಉಳಿಸಲು ಬಂದ ಕಾನೂನು ಅದು, ಬರಲೇಬೇಕಿತ್ತು. ಗುಟ್ಟಾಗಿ ಗಂಡೋ ಹೆಣ್ಣೋ ಎಂದು ಹೇಳುವವರ ಯಂತ್ರಕ್ಕೆ ಸೀಲಲ್ಲ, ಸುತ್ತಿಗೆಯನ್ನೇ ಹಾಕಿ. ಆದರೆ ನನ್ನ ಸೊಂಟದೊಳಗೆ ಗಂಡೋ ಹೆಣ್ಣೋ ಎಂದು ಯಾರು ಕೇಳಿದ್ದರು?

ಬರುವ ಫೆಬ್ರವರಿ ಹದಿನೇಳಕ್ಕೆ ಮಗಳು ಶ್ರೀಲಕ್ಷ್ಮಿಯ ಮದುವೆ. ಮಂಟಪದಲ್ಲಿ ಮಣೆಯ ಮೇಲೆ ಎರಡು ತಾಸು ಕೂರಬೇಕು; ನನಗೆ ಹತ್ತು ನಿಮಿಷ ಆಗುವುದಿಲ್ಲ. “ಕುರ್ಚಿ ಹಾಕುವ” ಎಂದರು ಪುರೋಹಿತರು. ಕುರ್ಚಿಯಲ್ಲೂ ಕೂರುವುದೇ ಅಲ್ಲವೇ? “ನಿಮ್ಮ ತಮ್ಮ ಧಾರೆ ಎರೆಯಲಿ ಬಿಡಿ” ಎಂದು ಹೆಂಡತಿ ಹೇಳಿ, ಮುಖ ಆಚೆ ತಿರುಗಿಸಿದಳು. ನನಗೆ ಅಳು ಬಂತು.

ಆದ್ದರಿಂದ ಬೇಡಿಕೆ ಒಂದೇ. ಹದಿನೇಳರೊಳಗೆ ಸೀಲು ತೆಗೆಯಿರಿ. ಶ್ರೀಲಕ್ಷ್ಮಿ ಹುಟ್ಟಿದಾಗ ‘ಮೂರನೆಯದೂ ಹೆಣ್ಣೇ’ ಎಂದು ನೆಂಟರು ಮುಖ ಸಿಂಡರಿಸಿದ್ದರು. ನಾನು ಹೋಟೆಲಿಗೆ ಬಂದವರಿಗೆಲ್ಲ ಪಾಯಸ ಬಡಿಸಿದ್ದೆ. ತಮ್ಮ ಕಾನೂನು ಉಳಿಸಬೇಕೆನ್ನುವ ಹೆಣ್ಣುಮಗಳು ಇವಳೇ ಸ್ವಾಮೀ. ಅವಳ ಧಾರೆಗೆ ಅವಳ ಅಪ್ಪನನ್ನು ಕೂರಲು ಬಿಡಿ.

ಇಂತಿ,
ನಿಂತುಕೊಂಡೇ ಸಹಿ ಹಾಕಿದ
ಮುರಾರಿ
ಡೊಂಬಿವಲಿ ಪೂರ್ವ, ಜನವರಿ 2013