ಮನೆಯಲ್ಲಿ ಶಾಂತಿ

ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಂಡನ ನಮಸ್ಕಾರ. ಭಾವನಿಗೂ ತಿಳಿಸು. ನಿನ್ನ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಎರಡನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರಿ" ಎಂದು ಗದರಿದ್ದೀಯ. ಬದುಕಿದ್ದೇನೆ ಅಕ್ಕಾ. ಸ್ವಲ್ಪ ಹೆಚ್ಚೇ ಬದುಕಿದ್ದೇನೆ. ಅದನ್ನು ನಿನಗೆ ಹೇಗೆ ಬರೆಯುವುದೆಂದು ತಿಳಿಯದೆಯೇ ಇಷ್ಟು ತಡವಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಮಂದ. ಇಂಥ ಸುದ್ದಿಯನ್ನು ಕಿರುಚಿ ಹೇಳಿದರೆ ನಿನಗಿಂತ ಮೊದಲು ಇಡೀ ಬೀದಿಗೆ ತಿಳಿಯುತ್ತದೆ.

ಸುತ್ತಿ ಬಳಸುವುದಿಲ್ಲ. ಮುಂದಿನ ತಿಂಗಳು ನಾನು ಮದುವೆಯಾಗುತ್ತಿದ್ದೇನೆ.

ಈಗ ನೀನು ಕಾಗದ ಕೆಳಗಿಟ್ಟು ಭಾವನನ್ನು ಕೂಗಿರುತ್ತೀಯ. ಕೂಗು, ಅವರಿಗೂ ಓದಿ ಹೇಳು. ಐವತ್ತೆಂಟಕ್ಕೆ ತಮ್ಮನಿಗೆ ತಲೆ ಕೆಟ್ಟಿತು ಎನ್ನಬೇಡ. ಹುಡುಗಿಗೆ ಐವತ್ಮೂರು. ಹುಡುಗಿ ಎಂದರೆ ಅವಳೇ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಹೆಸರು ಶಾಂತಿ.

ಕೈತಪ್ಪಿ ಬರೆದದ್ದಲ್ಲ. ಆರು ವರ್ಷದ ಹಿಂದೆ ನಮ್ಮನ್ನು ಬಿಟ್ಟು ಹೋದ ನನ್ನ ಶಾಂತಿಯ ಹೆಸರೇ ಇವಳ ಹೆಸರೂ. ನಾನು ಹುಡುಕಿಕೊಂಡು ಹೋಗಲಿಲ್ಲ. ಅದು ಲಿಫ್ಟಿನೊಳಗಿನಿಂದ ಬಂತು.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಆಫೀಸು ಕಟ್ಟಡವೊಂದರ ಕಾವಲುಗಾರ ನಮ್ಮ ಲಿಫ್ಟು ರಿಪೇರಿ ಕೇಂದ್ರಕ್ಕೆ ಫೋನು ಮಾಡಿದ. "ಸಾರ್, ಲಿಫ್ಟು ಮೂರಕ್ಕೂ ನಾಲ್ಕಕ್ಕೂ ಮಧ್ಯೆ ನಿಂತ್ಬಿಟ್ಟಿದೆ. ಒಳಗೊಬ್ರು ಮೇಡಂ ಇದಾರೆ. ಗಂಟೆ ಕೆಟ್ಟಿದೆ, ಅದಕ್ಕೇ ಸೀಟಿ ಊದ್ತಿದಾರೆ. ಬೆಂಕಿ ಬಿದ್ದಿದೆ ಅಂತ ಆಫೀಸಿನವರೆಲ್ಲ ಬೀದಿಗೆ ಓಡಿದಾರೆ!" ನಾನೂ ನನ್ನ ಜೊತೆಗಾರ ಗ್ರೀಸಣ್ಣನೂ ಹೋದೆವು. ಅವನ ಅಂಗಿ ನೋಡಿದವರಿಗೆ ಆ ಅಡ್ಡಹೆಸರು ಯಾಕೆಂದು ವಿವರಿಸಬೇಕಾಗಿಲ್ಲ. ಅವನು ಮೇಲಿನ ಮೋಟರ್ ಕೋಣೆಗೆ ಹತ್ತಿದ. ನಾನು ನಾಲ್ಕನೆಯ ಮಹಡಿಯ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗೆ ಸಿಕ್ಕಿಕೊಂಡವರು ಗಾಬರಿಯಾಗಿ ತಾವೇ ಬಾಗಿಲು ಮೀಟಲು ಹೋಗಿ ಅನಾಹುತ ಮಾಡಿಕೊಳ್ಳುತ್ತಾರೆ. ಅದಕ್ಕೇ ಅವರ ಹೆಸರು ಕೇಳಿ, ಹೆಸರು ಹಿಡಿದು ಮಾತಾಡಿಸುತ್ತಲೇ ಇರಬೇಕೆಂದು ನಮ್ಮ ಕೆಲಸದ ನಿಯಮ.

"ಒಳಗಿರೋರೇ, ಹೆದರ್ಬೇಡಿ, ಬಂದಿದೀವಿ. ನಿಮ್ಮ ಹೆಸರೇನು?"

"ಶಾಂತಿ."

ಅಕ್ಕಾ, ನಮ್ಮ ನಿಯಮ ಅಲ್ಲಿಗೇ ಮುರಿದುಬಿತ್ತು. ಆ ಹೆಸರು ನನ್ನ ಬಾಯಿಂದ ಹೊರಡುವುದೇ ಇಲ್ಲವೆಂದು ನಿನಗೆ ಗೊತ್ತು. ನಿನಗೆ ಬರೆದ ಕಾಗದಗಳಲ್ಲೂ ನಾನು "ಅವಳು" ಎಂದೇ ಬರೆಯುತ್ತಿದ್ದೆ.

"ಹಲೋ? ಹೆಸರು ಕೇಳ್ಕೊಂಡು ಹೊರಟೇ ಹೋದ್ರಾ?"

"ಇದೀನಿ ಮೇಡಂ. ಸ್ವಲ್ಪ ಶಾಂತವಾಗಿರಿ."

"ಹುಟ್ಟಿದಾಗಿಂದ ಎಲ್ಲರೂ ಅದನ್ನೇ ಹೇಳ್ತಿದಾರೆ. ಮೊದ್ಲು ಬಾಗ್ಲು ತೆಗೀರಿ, ಆಮೇಲೆ ಯೋಚ್ನೆ ಮಾಡ್ತೀನಿ."

ಅಷ್ಟರಲ್ಲಿ ಗ್ರೀಸಣ್ಣ ಮೇಲೆ ಬ್ರೇಕು ಸಡಿಲಿಸಿದ. ಲಿಫ್ಟು ಒಮ್ಮೆ ಗಡಗಡ ಅಂದು ಒಂದು ಗೇಣು ಕೆಳಗೆ ಜಾರಿತು. ಒಳಗಿನ ಮಾತು ಥಟ್ಟನೆ ನಿಂತುಹೋಯಿತು. ಅಷ್ಟು ಬಾಯಿಮಾಡುತ್ತಿದ್ದವರು ಸುಮ್ಮನಾದರೆಂದರೆ ಜೀವ ಬಾಯಿಗೆ ಬಂದಿದೆ ಎಂದೇ ಲೆಕ್ಕ. ನನಗೆ ಏನಾಯಿತೋ, ಬಾಗಿಲಿಗೆ ಎರಡೂ ಅಂಗೈ ಊರಿ ಕೂಗಿದೆ: "ಶಾಂತೀ! ಗೋಡೆ ಹಿಡ್ಕೊಳಿ. ನಾನಿಲ್ಲೇ ಇದೀನಿ, ಶಾಂತೀ!"

ಹೆಸರು ಕೆಳಗಿನವರೆಗೂ ಹೋಗಿ ಮೊಳಗಿ ವಾಪಸು ಬಂತು. ಒಮ್ಮೆ ಹೊರಬಿದ್ದ ಮೇಲೆ ನಿಲ್ಲಿಸಲು ನನಗೇ ಆಗಲಿಲ್ಲ. ಗ್ರೀಸಣ್ಣ ಚಕ್ರ ತಿರುಗಿಸಿ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರುವಷ್ಟೂ ಹೊತ್ತು ಶಾಂತಿ, ಬಂತು ಶಾಂತಿ, ಇನ್ನೊಂಚೂರು ಶಾಂತಿ ಎನ್ನುತ್ತಲೇ ಇದ್ದೆ. ಬಾಗಿಲು ತೆರೆದಾಗ ಮುಖ ಬಿಳಿಚಿಕೊಂಡ, ಕತ್ತಿಗೆ ಸೀಟಿ ನೇತುಹಾಕಿಕೊಂಡ, ಒದ್ದೆ ಕೂದಲಿನ ಒಬ್ಬ ಹೆಂಗಸು ಹೊರಗೆ ಕಾಲಿಟ್ಟು, ನೆಲ ಗಟ್ಟಿಯಿದೆಯೇ ಎಂದು ತುಳಿದು ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಹೆಸರನ್ನ ಇಷ್ಟು ಸಲ ನಮ್ಮಮ್ಮನೂ ಕರೆದಿರ್ಲಿಲ್ಲ," ಎಂದಳು.

ಅವಳು ಊರ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಮದುವೆಯಾಗದೆ, ತಾಯಿ ಇರುವವರೆಗೂ ತಾಯಿಯನ್ನು ನೋಡಿಕೊಂಡವಳು. ವಾರ ಕಳೆಯುವುದರೊಳಗೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನಮ್ಮ ರಿಪೇರಿ ಕೇಂದ್ರಕ್ಕೆ ಬಂದಳು. ಧನ್ಯವಾದ ಹೇಳಲು ಬಂದಿರಬೇಕೆಂದುಕೊಂಡರೆ, ಸ್ಟೂಲು ಎಳೆದುಕೊಂಡು ಕೂತು ನೇರವಾಗಿ ಕೇಳಿದಳು: "ಆವತ್ತು ಹೆಸರು ಕೇಳಿದ ಕೂಡ್ಲೇ ಯಾಕೆ ಮಾತು ನಿಂತೋಯ್ತು ನಿಮಗೆ?"

ಹೇಳಿದೆ. ನಿನಗೆ ನೆನಪಿದೆಯಲ್ಲ, ನನ್ನವಳು ಹೋದಾಗ ಬಂದವರೆಲ್ಲ ನನ್ನ ಕೈ ಹಿಡಿದು "ಶಾಂತಿಯವರ ಆತ್ಮಕ್ಕೆ ಶಾಂತಿ ಸಿಗಲಿ" ಎನ್ನುತ್ತಿದ್ದರು, ನನಗೆ ಅಳುವಿನ ಮಧ್ಯೆ ನಗು ಬಂದುಬಿಡುತ್ತಿತ್ತು. ಇವಳು ಅಂಥದ್ದೇನೂ ಹೇಳಲಿಲ್ಲ. ಬಿಸ್ಕತ್ತು ನನ್ನ ಕಡೆ ತಳ್ಳಿ, "ಅವರೂ ಜೋರಾಗಿದ್ರಾ?" ಎಂದು ಕೇಳಿದಳು.

"ಜೋರು ಅಂದ್ರೆ? ತರಕಾರಿಯವನು ನಮ್ಮ ಬೀದಿ ತಿರುವಿಗೆ ಬಂದಾಗ್ಲೇ ತಾನಾಗಿ ಬೆಲೆ ಇಳಿಸ್ಕೋತಿದ್ದ."

ಗ್ರೀಸಣ್ಣ ಒಳಗಿನಿಂದ ಇಣುಕಿ ನೋಡಿದ. ನಾನು ಗಟ್ಟಿಯಾಗಿ ನಗುವುದನ್ನು ಅವನು ಕೇಳಿ ವರ್ಷಗಳಾಗಿದ್ದವು.

ಅಲ್ಲಿಂದ ಸಂಜೆಗಳು ಬದಲಾದವು. ಈಜುಕೊಳದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನಾವು ಶಾಂತಿಯರನ್ನು ಒಬ್ಬೊಬ್ಬರನ್ನಾಗಿ ಕಲೆಹಾಕತೊಡಗಿದೆವು. ನಿನಗೂ ನನಗೂ ಮಗ್ಗಿ ಕಲಿಸಿದ ಶಾಂತಿ ಟೀಚರನ್ನು ನಾನು ಮುಂದಿಟ್ಟೆ. ಅವರು ಎರಡರ ಮಗ್ಗಿ ಹೇಳಿಸಿದರೆ ಪಕ್ಕದ ಬೀದಿಯ ಅಂಗಡಿಯವರಿಗೂ ಬಾಯಿಪಾಠ ಆಗುತ್ತಿತ್ತಲ್ಲ! ಅವಳು ತನ್ನ ಬಸ್ಸಿನ ಕಂಡಕ್ಟರ್ ಶಾಂತಿಯನ್ನು ತಂದಳು. ಆಕೆ "ಹೋಲ್ಡಾನ್" ಅಂದರೆ ಹಿಂದಿನ ಬಸ್ಸೂ ನಿಲ್ಲುತ್ತದಂತೆ. ಕುಸ್ತಿ ಆಡುವ ಒಬ್ಬ ಶಾಂತಿ, ಬಂದರಿನಲ್ಲಿ ಕ್ರೇನು ಓಡಿಸುವ ಒಬ್ಬ ಶಾಂತಿ, ಮೂರು ಸಲ ಚುನಾವಣೆಗೆ ನಿಂತು ಮೂರು ಸಲವೂ ಸೋತು ನಾಲ್ಕನೆಯದಕ್ಕೆ ತಯಾರಾಗುತ್ತಿರುವ ಒಬ್ಬ ಶಾಂತಿ. ಹೆಸರಿಗೆ ತಕ್ಕಂತೆ ಇರುವ ಒಬ್ಬಳೂ ನಮಗೆ ಸಿಗಲಿಲ್ಲ. ಇವಳದೇ ಕೇಳು: ಹುಟ್ಟಿದಾಗ ಮೂರು ತಿಂಗಳು ಹಗಲಿರುಳು ಅತ್ತಳಂತೆ, ಹಾಗೆ ಕರೆದರಾದರೂ ಸುಮ್ಮನಾದಾಳೆಂದು ಅವರಪ್ಪ ಆ ಹೆಸರಿಟ್ಟರಂತೆ.

ಒಂದು ದಿನ ದಪ್ಪ ನಿಘಂಟೊಂದನ್ನು ಹೊತ್ತು ತಂದು ಓದಿಸಿದಳು. ನೆಮ್ಮದಿ, ಸಮಾಧಾನ, ಬಿಡುವು, ಗದ್ದಲವಿಲ್ಲದಿರುವಿಕೆ, ಉರಿ ಆರುವುದು, ಹಸಿವು ಬಾಯಾರಿಕೆ ತೀರುವುದು.

"ಇಷ್ಟರಲ್ಲಿ ನಾನು ಯಾವುದು?"

"ಗದ್ದಲವಿಲ್ಲದಿರುವಿಕೆ ಅಂತೂ ಅಲ್ಲ," ಎಂದೆ. "ಮಿಕ್ಕಿದ್ದೆಲ್ಲ ಇರಬಹುದು."

ಅವಳು ನಿಘಂಟು ಮುಚ್ಚಿದಳು. ಅಕ್ಕಾ, ನಾನು ಮದುವೆಯ ಮಾತು ಎತ್ತಿದ್ದು ಆಗಲೇ. ಅವಳು ಹೂಂ ಅಂದದ್ದೂ ಆಗಲೇ.

ಇಷ್ಟಾದರೂ ಮಗಳಿಗೆ ಹೇಳಿರಲಿಲ್ಲ. ನಿನ್ನ ಮುದ್ದಿನ ಸೋದರಸೊಸೆ ಹಲ್ಲಿನ ಡಾಕ್ಟರು, ಬಾಯಿ ಬಿಡಿಸುವುದೇ ಅವಳ ಕಸುಬು. ಒಂದು ಊಟದ ಹೊತ್ತಿನಲ್ಲಿ ನನ್ನ ಬಾಯಿಯನ್ನೂ ಬಿಡಿಸಿದಳು. ಮೊದಲು ಕುಣಿದಾಡಿದಳು. ಹೆಸರು ಹೇಳಿದ ಮೇಲೆ ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಮದುವೆ ಮಾಡ್ಕೋ ಅಪ್ಪ, ನನಗೆ ಸಂತೋಷವೇ. ಆದ್ರೆ ಈ ಮನೇಲಿ ಇನ್ಯಾರನ್ನೋ ಆ ಹೆಸರಲ್ಲಿ ಕೂಗೋದನ್ನ ಕೇಳೋಕೆ ನನ್ನಿಂದಾಗಲ್ಲ. ಅವರಿಗೆ ಬೇರೆ ಏನಾದ್ರೂ ಹೆಸರಿಡು."

ನನಗೂ ಅದು ಸರಿಯೆನಿಸಿತು ನೋಡು, ಅಷ್ಟು ಪೆದ್ದ ನಿನ್ನ ತಮ್ಮ. ಮಾರನೆಯ ದಿನ ಕೊಳದ ಕಟ್ಟೆಯ ಮೇಲೆ ನಿಂತು ಅವಳನ್ನು ಕೇಳಿಯೇಬಿಟ್ಟೆ. ಬೇಕಾದರೆ ಹೂವಿನ ಹೆಸರು, ನದಿಯ ಹೆಸರು, ಯಾವುದಾದರೂ ಸರಿ, ನೀವೇ ಆರಿಸಿ ಎಂದೆ. ಅವಳು ಸೀಟಿ ಊದಿ ಮಕ್ಕಳನ್ನೆಲ್ಲ ನೀರಿನಿಂದ ಮೇಲೆ ಕಳಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಅವಳ ತಗ್ಗಿದ ದನಿ ನಾನು ಕೇಳಿದ್ದು ಅದೇ ಮೊದಲು.

"ನನ್ನನ್ನ ಲಿಫ್ಟಿಂದ ಹೊರಗೆ ತೆಗೆದವರು ನೀವು. ಈಗ ಹೆಸರನ್ನ ಅಲ್ಲೇ ಬಿಟ್ಟು ಬಾ ಅಂತೀರಲ್ಲ. ಅವರ ಜಾಗಕ್ಕೆ ಬರ್ತಿಲ್ಲ ನಾನು. ನನ್ನ ಜಾಗ ಇದ್ರೆ ಬರ್ತೀನಿ, ಇಲ್ಲದಿದ್ರೆ ಇಲ್ಲ."

ಚಹಾದಂಗಡಿಯ ಬೆಂಚು ಖಾಲಿಯಾಯಿತು. ನಾನು ಫೋನು ಮಾಡಿದರೆ ಎತ್ತಲಿಲ್ಲ. ಕೆಲಸದಲ್ಲಿ ಮನಸ್ಸು ನಿಲ್ಲದೆ ಒಂದು ದಿನ ಐದನೆಯ ಮಹಡಿಯ ಗುಂಡಿಗೆ ಎರಡನೆಯದರ ತಂತಿ ಜೋಡಿಸಿಬಿಟ್ಟೆ. ಗ್ರೀಸಣ್ಣ ನನ್ನ ಕೈಯಿಂದ ಸ್ಕ್ರೂಡ್ರೈವರು ಕಿತ್ತುಕೊಂಡ. "ಮನೇಲೂ ಶಾಂತಿ ಇಲ್ಲ, ಹೊರಗೂ ಶಾಂತಿ ಇಲ್ಲ. ಹೋಗಯ್ಯ, ಮೊದ್ಲು ಮಗಳ ಹತ್ರ ಮಾತಾಡು," ಎಂದ.

ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ, ಶಾಂತಿ ಹೇಳಿದ ಮಾತನ್ನೂ ಹೇಳಿದೆ. ಆ ಶನಿವಾರ ಮಧ್ಯಾಹ್ನ "ಸ್ವಲ್ಪ ಹೊರಗೆ ಹೋಗ್ಬರ್ತೀನಿ" ಎಂದು ಹೋದವಳು ಸಂಜೆಯಾದರೂ ಬರಲಿಲ್ಲ. ನಾನು ಬಾಗಿಲಿಗೂ ಕಿಟಕಿಗೂ ಓಡಾಡಿದೆ. ಕೊನೆಗೆ ಬಂದಳು, ತಲೆಯೆಲ್ಲ ಒದ್ದೆ, ಕಣ್ಣು ಕೆಂಪು, ತುಟಿಯಲ್ಲಿ ಮಾತ್ರ ನಗು.

"ಅಪ್ಪ, ಶಾಂತಿ ಮಾತುಕತೆ ಮುಗೀತು. ಒಪ್ಪಂದ ಆಯ್ತು."

ನಡೆದದ್ದು ಇಷ್ಟು. ಮಗಳು ಈಜುಕೊಳಕ್ಕೆ ಹೋಗಿ, ತಾನು ಇಂಥವರ ಮಗಳೆಂದು ಹೇಳಿ, ಹೇಗೆ ಶುರುಮಾಡುವುದೆಂದು ತಿಳಿಯದೆ ನಿಂತಿದ್ದಾಳೆ. ಶಾಂತಿ, "ನೀರಿಗಿಳಿ, ದಡದಲ್ಲಿ ನಿಂತು ನಾನು ಯಾರ ಹತ್ರಾನೂ ಮಾತಾಡಲ್ಲ," ಅಂದಳಂತೆ. ಕತ್ತಿನವರೆಗೆ ನೀರಿನಲ್ಲಿ ನಿಂತ ಮೇಲೆ ಕೇಳಿದಳಂತೆ: "ನಿಮ್ಮಮ್ಮ ಹೇಗಿದ್ರು ಹೇಳು. ನನ್ನ ಹೆಸರನ್ನ ಇಟ್ಕೊಂಡು ಇನ್ನೊಬ್ರು ಒಂದು ಬದುಕು ಬದುಕಿದಾರೆ, ನನಗೆ ಗೊತ್ತಿರಬೇಡ್ವಾ?" ಮಗಳು ಹೇಳಿದಳಂತೆ. ಅಮ್ಮನ ಹಾಡು, ಅಮ್ಮನ ಜಗಳ, ಪರೀಕ್ಷೆಯ ಹಿಂದಿನ ದಿನ ಓದಬೇಡ ಎಂದು ಪುಸ್ತಕ ಬಚ್ಚಿಡುತ್ತಿದ್ದದ್ದು, ಎಲ್ಲಾ. ಅತ್ತಳಂತೆ. ಮುಖವೆಲ್ಲ ಮೊದಲೇ ನೀರಾಗಿದ್ದರಿಂದ ನಾಚಿಕೆಯಾಗಲಿಲ್ಲವಂತೆ.

"ಒಪ್ಪಂದ ಏನು?" ಎಂದು ಕೇಳಿದೆ.

"ನಾನು ಅವರನ್ನ ಕೋಚ್ ಅಂತೀನಿ. ನೀನು ಶಾಂತಿ ಅಂತಲೇ ಕರಿ." ಟವೆಲಿನಿಂದ ತಲೆ ಒರೆಸುತ್ತ ಅಂದಳು: "ನನ್ನ ಪಾಲಿಗೆ ಅಮ್ಮನ ಹೆಸರು ಶಾಂತಿ ಅಲ್ಲಪ್ಪ, ಅಮ್ಮ. ಅದು ಇನ್ನೊಬ್ಬರಿಗೆ ಹೋಗಲ್ಲ. ಇದು ನೀರಲ್ಲಿ ನಿಂತಾಗ ಹೊಳೀತು."

ನಾನು ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಶಾಂತಿಯ ಮನೆಗೆ ಓಡಿದೆ. ಬಾಗಿಲು ತೆಗೆದವಳಿಗೆ, ನಿಮಗೆ ನಿಮ್ಮದೇ ಜಾಗ, ನಿಮ್ಮದೇ ಹೆಸರು ಎಂದೆ. "ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದೀರ, ಮೊದ್ಲು ಅದನ್ನ ಅದರ ಜಾಗಕ್ಕೆ ಹಾಕಿ," ಎಂದು ಒಳಗೆ ಕರೆದಳು.

ಮದುವೆ ನೋಂದಣಿ ಕಚೇರಿಗೆ ಅರ್ಜಿ ಕೊಡಲು ಹೋದರೆ ಅಲ್ಲಿಯ ಗುಮಾಸ್ತರು ಕನ್ನಡಕ ಏರಿಸಿ, "ತೀರಿಕೊಂಡ ಹೆಂಡತಿಯ ಹೆಸರಿನ ಜಾಗದಲ್ಲಿ ವಧುವಿನ ಹೆಸರು ಬರೆದಿದೀರಲ್ರೀ!" ಎಂದು ಹೌಹಾರಿದರು. ವಿಷಯ ತಿಳಿಸಿದ ಮೇಲೆ ಮುದ್ರೆ ಒತ್ತುತ್ತ, "ಇಂಥ ಶಾಂತಿಪ್ರಿಯರನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ," ಎಂದರು. ಅವಳ ನಗುವಿಗೆ ಆ ಕಚೇರಿಯ ಫ್ಯಾನು ಕೂಡ ನಿಂತು ನೋಡಿತು ಅನ್ನಬೇಕು.

ನೀನೂ ಭಾವನೂ ಬರಲೇಬೇಕು. ಮಂಡಿನೋವಿನ ನೆಪ ಹೇಳಬೇಡ, ನಾವಿರುವ ಕಟ್ಟಡದ ಲಿಫ್ಟನ್ನು ನಾನೇ ನೋಡಿಕೊಳ್ಳುತ್ತೇನೆ. ನಿನ್ನ ಕಿವಿ ಮಂದವೆಂದು ಅವಳಿಗೆ ಹೇಳಿದ್ದೇನೆ. ಚಿಂತೆಯಿಲ್ಲ ಎಂದಿದ್ದಾಳೆ, ಅವಳ ಮಾತು ನಿನಗೆ ಕೇಳಿಸುತ್ತದೆ. ಅಪ್ಪ ಅಮ್ಮ ಇಲ್ಲದ ಮೇಲೆ ನನ್ನ ತಲೆಯ ಮೇಲೆ ಕೈಯಿಡಲು ಇರುವುದು ನೀನೊಬ್ಬಳೇ. ಬಂದು ಕೈಯಿಡು. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ, ನನ್ನ ಈ ಸಂತೋಷದಲ್ಲಿ ಅರ್ಧ ನಿಮ್ಮ ಮನೆಗೂ ಬರಲಿ.

ನಿನ್ನ,
ಗುಂಡ

ಮರೆತ ಮಾತು: ಇದನ್ನು ಭಾವನಿಗೆ ಓದಿ ಹೇಳಬೇಡ. ಕೊನೆಗಾಲದಲ್ಲಿ ನನ್ನವಳಿಗೆ ಮರೆವು ಬಂದಿತ್ತೆಂದು ನಿನಗೆ ಗೊತ್ತು. ಇದೊಂದು ಗೊತ್ತಿಲ್ಲ, ಆಗ ಹಾಸ್ಟೆಲಿನಲ್ಲಿದ್ದ ಮಗಳಿಗೂ ಗೊತ್ತಿಲ್ಲ. ಕೊನೆಯ ವರ್ಷ ಅವಳಿಗೆ ತನ್ನ ಹೆಸರೇ ಮರೆತುಹೋಗಿತ್ತು. ನಾನು ಕರೆಯುತ್ತಿದ್ದೆ, ತಿರುಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, ಬಹಳ ಮರುಕದಿಂದ, "ಶಾಂತಿ ಅಂದ್ರೆ ಯಾರ್ರೀ? ಪಾಪ, ದಿನಾ ಕರೀತೀರಿ, ಆಕೆ ಬರೋದೇ ಇಲ್ಲ," ಎಂದಳು. ಆವತ್ತಿನಿಂದ ನಾನು ಕರೆಯುವುದನ್ನು ಬಿಟ್ಟೆ. ನೀವೆಲ್ಲ ಅವಳು ಹೋದ ಮೇಲೆ ಬಿಟ್ಟೆನೆಂದುಕೊಂಡಿರಿ. ಅಲ್ಲ ಅಕ್ಕಾ, ಅವಳು ಎದುರಿಗೆ ಕೂತಿರುವಾಗಲೇ ಬಿಟ್ಟಿದ್ದೆ. ಕಳೆದ ಭಾನುವಾರ ಇವಳು ಊಟಕ್ಕೆ ಬಂದಿದ್ದಳು. ಅಡುಗೆಮನೆಯಲ್ಲಿ ಮಗಳ ಜೊತೆ ಏನೋ ವಾದ ಮಾಡುತ್ತಿದ್ದಳು. ನಾನು ನಡುಮನೆಯಲ್ಲಿ ಕೂತು, ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಕರೆದೆ. "ಬಂದೇ" ಅಂದಳು. ಬಂದಳು.