ನಿಂತು ಕಾದ ಬುದ್ಧ

ತುಮರಿ
೮ ಮಾರ್ಚ್ ೨೦೨೬

ಪ್ರೀತಿಯ ಪೂರ್ಣೇಶಣ್ಣಾ,

ಹೇಗಿದ್ದೀಯ? ಅಲ್ಲಿ ಚಳಿ ಇಳಿಯಿತಾ? ಚೀನಾದ ಊಟಕ್ಕೆ ನಿನ್ನ ನಾಲಗೆ ಒಗ್ಗಿತೋ ಇಲ್ಲವೋ ಎಂದು ಅವ್ವ ದಿನಾ ಕೇಳುತ್ತಾಳೆ. ಅವಳು ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿದ್ದಾಳೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಾದರೆ ಅರ್ಧಕ್ಕೇ ಕಡಿದುಹೋಗುತ್ತದೆ.

ಅಲ್ಲಿನ ಗುರುಗಳ ಹತ್ತಿರ ಕಲಿಯುತ್ತ ನೀನು ನಕಲು ಮಾಡಿದ ಹಳೆಯ ಬುದ್ಧನ ಪಟ ಹಿನ್ನೀರು ದಾಟಿಸುವ ಲಾಂಚಿಗೆ ಕಾಯದೆ ಹೊಸ ಸೇತುವೆ ಮೇಲೇ ಬಂತು. ಬಿಚ್ಚಿ ತೂಗುಹಾಕಿದೆವು. ಮೋಡದ ಮೇಲೆ ನಿಂತ ಅಮಿತಾಭ ಬುದ್ಧ, ಮೈಮೇಲೆ ಕೆಂಪು ಚೀವರ, ಕೆಳಕ್ಕೆ ನೀಡಿದ ಬಲಗೈ. ಪಕ್ಕದ ಬೋಧಿಸತ್ವನ ಕೈಯಲ್ಲಿ ಖಾಲಿ ತಾವರೆ ಪೀಠ. ಮಳೆಗಾಲದಲ್ಲಿ ಲಕ್ವ ಹೊಡೆದ ಮೇಲೆ ಯಾವುದನ್ನೂ ನೆಟ್ಟಗೆ ನೋಡದಿದ್ದ ಅವ್ವ ಆ ಗೆರೆಗಳ ಮೇಲೆ ಎಡಗೈ ಬೆರಳು ಆಡಿಸಿದಳು. "ನನ್ ಮಗನ ಗೆರೆ ಎಲ್ಲೂ ನಡುಗಿಲ್ಲ ಕಣೇ" ಅಂದಳು.

ಇಂಥ ಪಟವನ್ನು ಸಾಯುವವರ ಎದುರು ತೂಗುಹಾಕುತ್ತಿದ್ದರು, ಬುದ್ಧ ಬಂದು ಆ ಜೀವವನ್ನು ತಾವರೆಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ ಎಂದು ಜೊತೆಗಿಟ್ಟ ಚೀಟಿಯಲ್ಲಿ ಬರೆದಿದ್ದೆಯಲ್ಲ, ಅದನ್ನು ನಾನು ಅವ್ವನಿಗೆ ಓದಿರಲಿಲ್ಲ. ಕಳಿಸುವಾಗ ನಿನಗೆ ಹೊಳೆಯಲೇ ಇಲ್ಲವೇನೋ ಮಾರಾಯ! ಮಗಳು ಭವ್ಯಾಳ ಮದುವೆಗೆ ಕರೆಯಲು ಬಂದ ಪಕ್ಕದ ಮನೆ ಮಾಸ್ತಪ್ಪ ಚಿಕ್ಕಪ್ಪ ಆ ಚೀಟಿಯನ್ನೆತ್ತಿ ಗಟ್ಟಿಯಾಗಿ ಓದಿಬಿಟ್ಟರು. ಕಸಿದುಕೊಳ್ಳಲು ಹೋದೆ, ತಡವಾಗಿತ್ತು. ಅವ್ವ ಪಟವನ್ನೇ ನೋಡಿದಳು. ಆಮೇಲೆ ನಕ್ಕಳು.

"ನನ್ನ ಕರ್ಕಂಡು ಹೋಗಕ್ಕೆ ಬಂದಾನಾ? ನಿಂತಿರ್ಲಿ. ಭವ್ಯಾನ ಹಸೆಗೋಡೆ ಬರೀದೆ ನಾ ಎಲ್ಲಿಗೆ ಹೋಗ್ಲಿ?"

ಅಣ್ಣಾ, ಮಳೆಗಾಲದಿಂದ ಕುಂಚ ಮುಟ್ಟದವಳು! ಮರುದಿನವೇ ಅವರ ಮನೆಗೆ ಹೋಗಿ, ಮದುವೆ ಚಿತ್ತಾರಕ್ಕೆಂದು ಕೆಮ್ಮಣ್ಣು ಬಳಿದ ಗೋಡೆಯೆದುರು ಕೂತಳು. ಬಲಗೈ ಏಳಲಿಲ್ಲ. ನಾರಿನ ಕುಂಚ ಎಡಗೈಗೆ ಬಂತು. ಅಕ್ಕಿಹಿಟ್ಟಿನ ಗೆರೆ ಮೊದಲು ಹುಳದ ಹಾಗೆ ಹರಿದಾಡಿತು. ಒರೆಸಿದಳು, ಮತ್ತೆ ಎಳೆದಳು, ಸುಮ್ಮನೆ ನಿಂತಿದ್ದ ನನಗೂ ಬೈದಳು. ಸಂಜೆಗೆ ಗೆರೆ ಹಿಡಿತಕ್ಕೆ ಬಂತು. ಹಸೆಯ ನಡುವೆ ಮದುಮಕ್ಕಳನ್ನು ಬರೆದು ಕೆಳಗೊಂದು ತಾವರೆ ಇಟ್ಟಳು. "ಅತ್ತಿಗೇ, ಇದೆಂತದು, ನಮ್ಮ ಹಸೇಲಿ ಇಲ್ದಿದ್ದು?" ಎಂದು ಚಿಕ್ಕಪ್ಪ ಕೇಳಿದರೆ, "ಅಷ್ಟು ಚಂದದ ಪೀಠ ಖಾಲಿ ಯಾಕಿರ್ಬೇಕು?" ಎಂದಳು.

ಬುದ್ಧ ಈಗ ನಮ್ಮ ಜಗಲಿಯಲ್ಲಿದ್ದಾನೆ. ಬಂದವರಿಗೆಲ್ಲ ಅವ್ವ, "ಕೈ ನೀಡಿ ಒಳಗೆ ಬನ್ನಿ ಅಂತಾನೆ ನೋಡಿ" ಅನ್ನುತ್ತಾಳೆ. ಅವಳು ನಿನ್ನ ತಲೆ ನೇವರಿಸಿದ್ದಾಳೆ ಎಂದುಕೋ. ಗುರುಗಳಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಸುಚಿತ್ರಾ

ತಾ.ಕ.: ಟಪಾಲು ಒಯ್ಯುವ ಬಸ್ಸು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ತಿಂಗಳು ಭವ್ಯಾಳ ಮದುವೆಯಲ್ಲಿ ರಿಪ್ಪನ್‌ಪೇಟೆಯ ನಟರಾಜ್ ಎಂಬವರು ಊಟಕ್ಕೂ ಏಳದೆ ಆ ಗೋಡೆ ನೋಡುತ್ತ ನಿಂತಿದ್ದರು. ಮರುವಾರವೇ ಮನೆಯವರ ಜೊತೆ ನನ್ನನ್ನು ಕೇಳಲು ಬಂದರು. ನನಗೂ ಒಪ್ಪಿಗೆ. ಮೇ ತಿಂಗಳಲ್ಲಿ ಮದುವೆ. ನಮ್ಮ ಹಸೆಗೋಡೆಯ ಅರ್ಧ ಅವ್ವ ನಿನಗೇ ಬಿಟ್ಟಿದ್ದಾಳೆ. ಬಾ.